ಲಕ್ಕುಂಡಿಯಲ್ಲಿ ನಡೆಯುವ ವಿಡಿಯೊ ಗೇಮ್ ಮಾಡಿದರೆ ಕತ್ತಿ ಎಷ್ಟು ಭಾರ ಇರಬೇಕು?

ಹಳೆಯ ಕಲ್ಲಿನ ಗುಡಿ. ಅದರ ಮುಂದೆ ಆಳೆತ್ತರದ ಕತ್ತಿ ಹಿಡಿದು ನಿಂತ ಯೋಧ. ಕೆಳಗೆ ಚಾಲುಕ್ಯ ಸೈನಿಕರ ಕತ್ತಿ 40 ಕೆ.ಜಿ. ಇರುತ್ತಿತ್ತು ಎಂಬ ಬರಹ, ಕೊನೆಯಲ್ಲಿ ಹೆಮ್ಮೆಯಿಂದ ಶೇರ್ ಮಾಡಿ ಎಂಬ ಮನವಿ. ಇಂಥದೊಂದು ಚಿತ್ರ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂತು. ಚಿತ್ರ ಯಾವುದೋ ಗೇಮಿನದು ಅಂತ ನೋಡಿದ ಕೂಡಲೇ ಗೊತ್ತಾಗುವಂತಿತ್ತು. ಆದರೂ ಗುಂಪಿನಲ್ಲಿ ಅದು ಇತಿಹಾಸವಾಗಿ ಓಡಾಡಿತು.

ಗೇಮ್ ಮಾಡುವವರು ಸುಳ್ಳು ಹೇಳಬೇಕೆಂದು ಕೂತಿರುವುದಿಲ್ಲ. ಅವರಿಗೆ ಬೇಕಾದದ್ದು ಚೆಂದದ ಆಟ. ಆದರೆ ಅದರ ಸ್ಕ್ರೀನ್‌ಶಾಟ್ ಗೇಮಿನಿಂದ ಹೊರಗೆ ಬಂದಾಗ ಜೊತೆಯಲ್ಲಿ ‘ಇದು ಕಲ್ಪನೆ’ ಎಂಬ ಚೀಟಿ ಬರುವುದಿಲ್ಲ. ಹಾಗಾಗಿ ಒಂದು ಪ್ರಯೋಗ ಮಾಡೋಣ. ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ, ಕ್ರಿ.ಶ. 1100ರ ಹೊತ್ತಿನಲ್ಲಿ ನಡೆಯುವ ಒಂದು ಗೇಮ್ ಮಾಡುತ್ತೇವೆ ಎಂದುಕೊಳ್ಳಿ. ಆಯುಧ ಹೇಗಿರಬೇಕು, ಕಾಳಗ ಹೇಗೆ ನಡೆಯಬೇಕು, ಸುತ್ತಲಿನ ಊರಿನಲ್ಲಿ ಏನಿರಬೇಕು? ಇದಕ್ಕೆ ಉತ್ತರ ಹುಡುಕಿದರೆ ಫಾರ್ವರ್ಡ್‌ಗಳಲ್ಲಿ ಬರುವ ಹಲವು ಮಾತುಗಳಿಗೂ ಉತ್ತರ ಸಿಗುತ್ತದೆ.

ರೋಲ್ ಪ್ಲೇಯಿಂಗ್ ಗೇಮ್ ಅಂದರೇನು?

ದೊಡ್ಡಾಟದಲ್ಲಿ ವೇಷ ಕಟ್ಟಿದವನು ಆ ರಾತ್ರಿಯ ಮಟ್ಟಿಗೆ ಭೀಮನೋ ಕರ್ಣನೋ ಆಗುತ್ತಾನಲ್ಲ, ಹಾಗೇ ಇಲ್ಲಿ ಆಡುವವರು ಒಂದು ಪಾತ್ರವಾಗುತ್ತಾರೆ. ಊರು ಸುತ್ತುತ್ತಾರೆ, ಜನರೊಂದಿಗೆ ಮಾತಾಡುತ್ತಾರೆ, ಒಪ್ಪಿಕೊಂಡ ಕೆಲಸ ಮುಗಿಸುತ್ತಾರೆ, ಕಾದಾಡುತ್ತಾರೆ, ನಿಧಾನವಾಗಿ ಬಲ ಗಳಿಸುತ್ತಾರೆ. ದೊಡ್ಡ ಕಂಪನಿಯ ಹಣವಿಲ್ಲದೆ ಒಬ್ಬರೋ ಒಂದು ಸಣ್ಣ ತಂಡವೋ ಮಾಡಿದರೆ ಅದು ಇಂಡೀ ಗೇಮ್. ಗೊಡೊ, ಬ್ಲೆಂಡರ್‌ನಂಥ ಉಚಿತ ಸಾಫ್ಟ್‌ವೇರ್ ಬಂದಮೇಲೆ ಮನೆಯ ಕಂಪ್ಯೂಟರಿನಲ್ಲೇ ಇದು ಸಾಧ್ಯ. ನಮ್ಮ ದೇಶದ ಪುರಾಣ, ಶಿಲ್ಪಗಳನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಪುಣೆಯ ಸಣ್ಣ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಗೇಮನ್ನು ಜಗತ್ತಿಗೇ ತಲುಪಿಸಿತು.

ಲಕ್ಕುಂಡಿಯೇ ಏಕೆ? ಶಾಸನಗಳಲ್ಲಿ ಲೊಕ್ಕಿಗುಂಡಿ ಎನಿಸಿಕೊಂಡ ಈ ಊರಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಕಾಶಿವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರ ಗುಡಿಗಳಿವೆ, ಮೆಟ್ಟಿಲ ಬಾವಿಗಳಿವೆ. ಇಲ್ಲಿಯ ಟಂಕಸಾಲೆಯ ಗದ್ಯಾಣಗಳು ಲೊಕ್ಕಿ ಗದ್ಯಾಣ ಎಂದೇ ಹೆಸರಾಗಿದ್ದವು. ಕತೆ ಕಟ್ಟಲು ಇಷ್ಟು ಸಾಕು.

ಕತ್ತಿಯ ನಿಜವಾದ ತೂಕ ಎಷ್ಟು?

ಒಂದು ಲೀಟರ್ ನೀರಿನ ಬಾಟಲಿ ಎತ್ತಿ ನೋಡಿ. ಅದು ಹೆಚ್ಚುಕಡಿಮೆ ಒಂದು ಕೆ.ಜಿ. ಒಂದೇ ಕೈಯಲ್ಲಿ ಬೀಸುವ ಯುದ್ಧದ ಕತ್ತಿಗಳು ಜಗತ್ತಿನ ಎಲ್ಲ ಕಡೆಯೂ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕೆ.ಜಿ. ತೂಗುತ್ತಿದ್ದವು.

ಈಗ ಐದು ಲೀಟರಿನ ಕ್ಯಾನ್ ತುಂಬಿಸಿ, ಕೈ ನೇರ ಚಾಚಿ ಹಿಡಿದುಕೊಳ್ಳಿ. ಒಂದು ನಿಮಿಷದೊಳಗೇ ಭುಜ ನಡುಗುತ್ತದೆ. ತೂಕವನ್ನು ಮೈಯಿಂದ ದೂರ ಹಿಡಿದಷ್ಟೂ ಭುಜದ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ಬೀಸುವಾಗ ಇನ್ನೂ ಕಷ್ಟ: ಅದೇ ತೂಕವನ್ನು ಎರಡು ಪಟ್ಟು ದೂರದಲ್ಲಿ ಇಟ್ಟರೆ ತಿರುಗಿಸುವ ಶ್ರಮ ನಾಲ್ಕು ಪಟ್ಟಾಗುತ್ತದೆ. 40 ಕೆ.ಜಿ. ಕತ್ತಿಯನ್ನು ಒಬ್ಬ ಬಲಶಾಲಿ ಎತ್ತಬಹುದು. ಅದನ್ನು ಬೀಸಿ, ತಪ್ಪಿದರೆ ತಡೆದು, ಮತ್ತೆ ಬೀಸುವಷ್ಟರಲ್ಲಿ ಒಂದು ಕೆ.ಜಿ. ಕತ್ತಿಯ ಎದುರಾಳಿ ಮೂರು ಏಟು ಹಾಕಿರುತ್ತಾನೆ. ಮಹಾರಾಣಾ ಪ್ರತಾಪನ ಭರ್ಜಿ 80 ಕೆ.ಜಿ. ಇತ್ತು ಎಂಬ ಫಾರ್ವರ್ಡ್ ಕೂಡ ನಿಮಗೆ ಬಂದಿರಬಹುದು. ಸಿಮೆಂಟ್ ಚೀಲ 50 ಕೆ.ಜಿ. ಇರುತ್ತದೆ. ಒಂದೂವರೆ ಚೀಲಕ್ಕಿಂತ ಭಾರವಾದದ್ದನ್ನು ಹಿಡಿದು ಕುದುರೆ ಓಡಿಸುವುದನ್ನು ಊಹಿಸಿಕೊಳ್ಳಿ. ಆ ಯೋಧರ ಸಾಹಸ ದೊಡ್ಡದೇ. ಅದನ್ನು ಹೇಳಲು ತೂಕದ ಸುಳ್ಳು ಬೇಕಿಲ್ಲ.

ಗದೆಯ ವಿಷಯದಲ್ಲೂ ಇದೇ ಗೊಂದಲವಿದೆ. ಗರಡಿಮನೆಯ ಗದೆ ಭಾರ ಇರುವುದು ಬೇಕೆಂದೇ, ಅದು ಕಸರತ್ತಿನ ಸಾಧನ. ಅತ್ತಿಮಬ್ಬೆಯ ಆಶ್ರಯ ಪಡೆದ ಕವಿ ರನ್ನ ಬರೆದ ‘ಗದಾಯುದ್ಧ’ದಲ್ಲಿ ಭೀಮ ದುರ್ಯೋಧನರು ಎತ್ತುವುದು ಕಾವ್ಯದ ಗದೆ. ಯುದ್ಧಭೂಮಿಯಲ್ಲಿ ದಿನವಿಡೀ ಹಿಡಿದು ಓಡಾಡಬೇಕಾದದ್ದು ಹಗುರವಾಗಿರಲೇಬೇಕು. ನಮ್ಮ ಗೇಮಿನಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಇಡಬಹುದು: ಗರಡಿಯಲ್ಲಿ ಒಂದು, ದೊಡ್ಡಾಟದ ರಂಗದಲ್ಲಿ ಒಂದು, ಕಾಳಗದಲ್ಲಿ ಒಂದು.

ಕತ್ತಿ ಹಿರಿದಾಗ ಶಬ್ದ ಬರುತ್ತದೆಯೇ?

ಸಿನಿಮಾದಲ್ಲೂ ಗೇಮಿನಲ್ಲೂ ಒರೆಯಿಂದ ಕತ್ತಿ ಎಳೆದ ಕೂಡಲೇ ಗಂಟೆ ಬಡಿದಂತೆ ಒಂದು ಲೋಹದ ಸದ್ದು ಬರುತ್ತದೆ. ಒರೆಗಳನ್ನು ಮಾಡುತ್ತಿದ್ದುದು ಹೆಚ್ಚಾಗಿ ಮರ, ತೊಗಲುಗಳಿಂದ. ಲೋಹ ಮರಕ್ಕೆ ಉಜ್ಜಿದರೆ ಬರುವುದು ಸಣ್ಣ ಸರಪರ ಸದ್ದು ಮಾತ್ರ. ಅಂಥ ಸದ್ದು ಜೋರಾಗಿ ಬಂತೆಂದರೆ ಅಲಗು ಮೊಂಡಾಗುತ್ತಿದೆ ಎಂದರ್ಥ. ಗೇಮಿನಲ್ಲಿ ಈ ಸದ್ದು ಇಡುವುದು ಆಟಗಾರನಿಗೆ ‘ಕತ್ತಿ ಕೈಗೆ ಬಂತು’ ಎಂದು ತಿಳಿಸಲು. ಅದು ಸೂಚನೆಯ ಕೆಲಸ ಮಾಡುತ್ತದೆ, ಇತಿಹಾಸದ ಸಾಕ್ಷಿಯಲ್ಲ.

ಬಿಲ್ಲು ದುರ್ಬಲರ ಆಯುಧವೇ?

ಅನೇಕ ಗೇಮುಗಳಲ್ಲಿ ತೋಳ್ಬಲ ಕಡಿಮೆಯಿರುವ ಪಾತ್ರಕ್ಕೆ ಬಿಲ್ಲು ಕೊಡುತ್ತಾರೆ. ವಾಸ್ತವ ಇದಕ್ಕೆ ತಿರುಗಾಮುರುಗ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಎಂಬ ಹಡಗಿನಲ್ಲಿ ಸಿಕ್ಕ ಯುದ್ಧದ ಬಿಲ್ಲುಗಳನ್ನು ಪೂರ್ತಿ ಎಳೆಯಲು ಸುಮಾರು 45 ಕೆ.ಜಿ.ಯಿಂದ 80 ಕೆ.ಜಿ.ಯವರೆಗೆ ಎತ್ತುವಷ್ಟು ಬಲ ಬೇಕಿತ್ತು ಎಂಬ ಅಂದಾಜಿದೆ. ಒಂದು ಕೆ.ಜಿ. ಕತ್ತಿ ಬೀಸುವುದಕ್ಕಿಂತ ಯುದ್ಧದ ಬಿಲ್ಲನ್ನು ಮತ್ತೆ ಮತ್ತೆ ಎಳೆಯುವುದಕ್ಕೆ ಹೆಚ್ಚು ಕಸುವು ಬೇಕು, ವರ್ಷಗಳ ಅಭ್ಯಾಸವೂ ಬೇಕು.

1100ರಲ್ಲಿ ಯಾವ ಆಯುಧ ಇತ್ತು, ಯಾವುದು ಇರಲಿಲ್ಲ?

ಇದಕ್ಕೆ ನಮ್ಮಲ್ಲಿರುವ ಒಳ್ಳೆಯ ಸಾಕ್ಷಿ ವೀರಗಲ್ಲು. ಕರ್ನಾಟಕದಲ್ಲಿ ಇವು ಸಾವಿರಾರಿವೆ. ಸಾಮಾನ್ಯವಾಗಿ ಒಂದರ ಮೇಲೊಂದು ಮೂರು ಪಟ್ಟಿಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕೆಳಗಿನ ಪಟ್ಟಿಯಲ್ಲಿ ಕತ್ತಿ, ಗುರಾಣಿ, ಬಿಲ್ಲು, ಭರ್ಜಿ, ಕಠಾರಿ, ಕುದುರೆ, ಆನೆ ಕಾಣುತ್ತವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 900ರ ಆಸುಪಾಸಿನ ಬೇಗೂರು ವೀರಗಲ್ಲಿನಲ್ಲಿ ಇಡೀ ಯುದ್ಧರಂಗವೇ ಇದೆ. ಒಂದು ಎಚ್ಚರಿಕೆ: ಶಿಲ್ಪಿ ವೀರನನ್ನು ಉಳಿದವರಿಗಿಂತ ದೊಡ್ಡದಾಗಿ ಕೆತ್ತುತ್ತಿದ್ದ. ಅದು ಗೌರವದ ಅಳತೆ, ದೇಹದ ಅಳತೆಯಲ್ಲ. ಕಲ್ಲಿನ ಕತ್ತಿಯ ಉದ್ದ ಅಳೆದು ತೂಕ ಲೆಕ್ಕ ಹಾಕಿದರೆ ಮತ್ತೊಂದು ಫಾರ್ವರ್ಡ್ ಹುಟ್ಟುತ್ತದೆ.

ಬೇಡವಾದವು ಯಾವುವು? ಮೊದಲನೆಯದು ತೋಪು. ದಖ್ಖನಿನಲ್ಲಿ ತೋಪುಗಳು ಸದ್ದು ಮಾಡಿದ್ದು ಶತಮಾನಗಳ ನಂತರ. 1520ರ ರಾಯಚೂರು ಯುದ್ಧದಲ್ಲಿ ಅವು ಇದ್ದವು. ವಿಜಯಪುರದ ಮಲಿಕ್-ಎ-ಮೈದಾನ್ ಎರಕ ಹೊಯ್ದದ್ದು 1549ರಲ್ಲಿ. ಎರಡನೆಯದು ಉರುಮಿ. ಏಜ್ ಆಫ್ ಎಂಪೈರ್ಸ್ ಎಂಬ ಪ್ರಸಿದ್ಧ ಗೇಮ್ 2022ರಲ್ಲಿ ದಕ್ಷಿಣ ಭಾರತದ ಪಡೆಗೆ ಉರುಮಿ ಕೊಟ್ಟಮೇಲೆ ಎಲ್ಲರೂ ಅದನ್ನೇ ಬಳಸತೊಡಗಿದ್ದರೆ ಆಶ್ಚರ್ಯವಿಲ್ಲ, ನೋಡಲು ಅಷ್ಟು ಚೆಂದ. ಆದರೆ ಅದು ಕೇರಳದ ಕಳರಿಪಯಟ್ಟಿನ ಆಯುಧ. ಲಕ್ಕುಂಡಿಯ ಯೋಧನ ಸೊಂಟಕ್ಕೆ ಅದನ್ನು ಸುತ್ತಬೇಕಿಲ್ಲ.

ಅಪರೂಪದ ಆಯುಧ ಬೇಕೆಂದರೆ ನಮ್ಮಲ್ಲೇ ಉಕ್ಕು ಇದೆ. ಕಬ್ಬಿಣವನ್ನು ಇಂಗಾಲ ಕೊಡುವ ಸೊಪ್ಪುಸದೆಯ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ಕರಗುವವರೆಗೆ ಕಾಯಿಸಿ, ನಿಧಾನವಾಗಿ ಆರಿಸಿದರೆ ಶೇಕಡಾ ಒಂದೂವರೆಯ ಆಸುಪಾಸು ಇಂಗಾಲವಿರುವ ಗಟ್ಟಿ ಉಕ್ಕು ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಅವಶೇಷ ಸಿಕ್ಕಿವೆ. ಯುರೋಪಿನವರು ಇದನ್ನು ‘ವೂಟ್ಜ್’ ಎಂದರು. ಆ ಹೆಸರು ‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ಬಂತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಕೂಡ 1819ರ ಸುಮಾರಿಗೆ ಇದರ ಗುಟ್ಟು ಹುಡುಕಲು ಹೊರಟಿದ್ದರು. ಇಷ್ಟಾದರೂ ಅದು ಕಲ್ಲನ್ನು ಬೆಣ್ಣೆಯಂತೆ ಕತ್ತರಿಸುವ ಮಾಯದ ಲೋಹವಲ್ಲ.

ಕಾಳಗ ಎಷ್ಟು ಹೊತ್ತು ನಡೆಯಬೇಕು?

ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡ್. ಅಷ್ಟರಲ್ಲೇ ರೈಡರ್ ಏದುಸಿರು ಬಿಡುತ್ತಾನೆ. ಪ್ರಾಣದ ಹಂಗಿನಲ್ಲಿ, ಗುರಾಣಿ ಹಿಡಿದು, ಪೂರ್ತಿ ಬಲ ಹಾಕಿ ಹೋರಾಡಿದರೂ ಇಷ್ಟೇ ಬೇಗ ದಣಿವು ಬರುತ್ತದೆ. ಹತ್ತು ನಿಮಿಷ ನಿಲ್ಲದೆ ಕತ್ತಿ ಬೀಸುವ ನಾಯಕ ಸಿನಿಮಾದಲ್ಲಿ ಮಾತ್ರ ಸಿಗುತ್ತಾನೆ. ಅದಕ್ಕೇ ಒಳ್ಳೆಯ ಗೇಮುಗಳಲ್ಲಿ ಜೀವದ ಪಟ್ಟಿಯ ಜೊತೆ ದಮ್ಮಿನ ಪಟ್ಟಿಯೂ ಇರುತ್ತದೆ. ಪ್ರತಿ ಏಟಿಗೂ ದಮ್ಮು ಇಳಿಯುತ್ತದೆ. ಹಿಂದೆ ಸರಿದು ಉಸಿರು ತೆಗೆದುಕೊಂಡರೆ ಏರುತ್ತದೆ.

ಇಲ್ಲಿ ವಿಜ್ಞಾನದ ಇನ್ನೊಂದು ಲೆಕ್ಕವಿದೆ. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಸೆಕೆಂಡಿಗೆ 60 ಚಿತ್ರ ತೋರಿಸುವ ಗೇಮಿನಲ್ಲಿ ಅದು 15 ಚಿತ್ರ. ಶತ್ರು ಕತ್ತಿ ಎತ್ತಿದ್ದರಿಂದ ಏಟು ಬೀಳುವವರೆಗೆ ಅದಕ್ಕಿಂತ ಕಡಿಮೆ ಸಮಯ ಕೊಟ್ಟರೆ ತಪ್ಪಿಸಿಕೊಳ್ಳುವುದು ಅದೃಷ್ಟದ ಮಾತಾಗುತ್ತದೆ. ಆದ್ದರಿಂದ ಪ್ರತಿ ಏಟನ್ನೂ ಮೂರು ಭಾಗ ಮಾಡುತ್ತಾರೆ: ಎತ್ತುವುದು, ತಗಲುವುದು, ಸಾವರಿಸಿಕೊಳ್ಳುವುದು.

ಆಯುಧಗಳ ನಡುವಿನ ಸಮತೋಲನವೂ ಹೀಗೇ. ಕತ್ತಿ ಅರ್ಧ ಸೆಕೆಂಡಿಗೊಮ್ಮೆ 10 ಅಂಕದ ಏಟು, ಗದೆ ಎರಡು ಸೆಕೆಂಡಿಗೊಮ್ಮೆ 40 ಅಂಕದ ಏಟು ಕೊಟ್ಟರೆ, ಎರಡೂ ಸೆಕೆಂಡಿಗೆ 20 ಅಂಕವೇ. ಆದರೆ ಗದೆಯವನು ಒಂದು ಏಟು ತಪ್ಪಿದರೆ ಎರಡು ಸೆಕೆಂಡ್ ಎದೆಯೊಡ್ಡಿ ನಿಂತಿರುತ್ತಾನೆ. ಯಾವುದನ್ನು ಆರಿಸಬೇಕು ಎಂಬ ಯೋಚನೆ ಹುಟ್ಟುವುದು ಅಲ್ಲಿ.

ಬಾಣ ಕಿತ್ತು ಎಸೆದರೆ ಗಾಯ ವಾಸಿಯೇ?

ಇದನ್ನು ಮಾತ್ರ ಗೇಮಿನಿಂದ ಕಲಿಯಬೇಡಿ. ಮೈಗೆ ಚುಚ್ಚಿಕೊಂಡ ಬಾಣವನ್ನು ಕಿತ್ತೆಸೆದು ಮುನ್ನುಗ್ಗುವ ನಾಯಕ, ಎಲೆ ಅರೆದು ಹಚ್ಚಿದ ಕೂಡಲೇ ಮಾಯವಾಗುವ ಗಾಯ, ಎರಡೂ ಕಲ್ಪನೆ. ಚುಚ್ಚಿಕೊಂಡ ವಸ್ತು ಎಷ್ಟೋ ಸಲ ರಕ್ತನಾಳವನ್ನು ಒತ್ತಿ ಹಿಡಿದಿರುತ್ತದೆ, ಕಿತ್ತರೆ ರಕ್ತ ಧಾರೆಯಾಗಿ ಹರಿಯಬಹುದು. ಹೊಲದಲ್ಲಿ ಕುಡುಗೋಲು, ಮನೆಯಲ್ಲಿ ಈಳಿಗೆ ತಗಲಿ ರಕ್ತ ಹೋಗುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಏನಾದರೂ ಚುಚ್ಚಿಕೊಂಡೇ ಇದ್ದರೆ ಅದನ್ನು ಕೀಳದೆ, ಅಲುಗಾಡದಂತೆ ಸುತ್ತಲೂ ಬಟ್ಟೆಯ ಆಸರೆ ಕೊಟ್ಟು 108ಕ್ಕೆ ಕರೆ ಮಾಡಿ. ಕಪ್ಪತಗುಡ್ಡದ ಗಿಡಮೂಲಿಕೆ ಹೆಸರಾಂತವೇ. ಆದರೆ ಹರಿಯುವ ರಕ್ತಕ್ಕೆ ಮೊದಲ ಮದ್ದು ಒತ್ತಿ ಹಿಡಿಯುವ ಕೈ.

ಯಾಕಾಗಿ ಹೋರಾಡುತ್ತಿದ್ದರು?

ಗೇಮಿನಲ್ಲಿ ರಾಜ್ಯ ಉಳಿಸಲು, ರಾಕ್ಷಸನನ್ನು ಕೊಲ್ಲಲು ಹೋರಾಟ. ವೀರಗಲ್ಲುಗಳು ಹೇಳುವ ಕಾರಣಗಳು ಬಹಳಷ್ಟು ಸಲ ಊರಿನ ಮಟ್ಟದವು. ತುರುಗೋಳ್ ಎಂದರೆ ದನ ಹೊಡೆದುಕೊಂಡು ಹೋಗುವ ದಾಳಿ. ಊರಳಿವು ಎಂದರೆ ಊರಿನ ಮೇಲೆ ಬಿದ್ದ ನಾಶ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಇವುಗಳಿಗೆ ಓಗೊಟ್ಟು ಸತ್ತವರೇ ಅನೇಕರು. ದನ ಹೋದರೆ ಉಳುಮೆ ನಿಂತಿತು, ಉಳುಮೆ ನಿಂತರೆ ಊರು ಉಪವಾಸ ಬಿತ್ತು.

ನಾಯಿಗೂ ಇಲ್ಲಿ ಪಾಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ, ಕ್ರಿ.ಶ. 949-50ರ ಕಲ್ಲು ಕಾಳಿ ಎಂಬ ನಾಯಿಯದು. ಕಾಡುಹಂದಿಯೊಂದಿಗೆ ಹೋರಾಡಿ ಎರಡೂ ಸತ್ತವು. ಇನ್ನು ಹೆಣ್ಣಿನ ಕೈಗೆ ಪಡೆ ಕೊಟ್ಟರೆ ಇತಿಹಾಸ ತಿರುಚಿದಿರಿ ಎನ್ನುವವರಿಗೆ ಚಾಲುಕ್ಯರ ಮನೆಯಲ್ಲೇ ಉತ್ತರವಿದೆ. ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು.

ಸತ್ತ ವೀರನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದರ ಹೆಸರು ನೆತ್ತರುಗೊಡಗೆ. ಗೇಮಿನಲ್ಲಿ ಪಾತ್ರ ಸತ್ತರೆ ಮತ್ತೆ ಮೊದಲಿನಿಂದ ಎದ್ದು ಬರುವುದು ರೂಢಿ. ನಮ್ಮ ಗೇಮಿನಲ್ಲಿ ಹಾಗಾಗುವ ಬದಲು ಊರ ಮುಂದೆ ಒಂದು ಕಲ್ಲು ನಿಲ್ಲಲಿ, ಮನೆಗೆ ಒಂದಿಷ್ಟು ಹೊಲ ಬರಲಿ, ಆಡುವವರು ಅದೇ ಮನೆಯ ಇನ್ನೊಬ್ಬರಾಗಿ ಆಟ ಮುಂದುವರಿಸಲಿ. ಇಂದು ಎಷ್ಟೋ ಊರುಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿ, ಗೋಡೆಯ ತುಂಡಾಗಿ ಬಿದ್ದಿದೆ. ಈ ಆಟ ಆಡಿದ ಹುಡುಗರು ತಮ್ಮೂರ ಕಲ್ಲನ್ನು ಒಮ್ಮೆ ತಿರುಗಿ ನೋಡಿಯಾರು.

ಊರಿನ ಹೋಟೆಲಿನಲ್ಲಿ ಮಿರ್ಚಿ ಸಿಗುತ್ತದೆಯೇ?

ಇಲ್ಲ! ಗದಗ ಸೀಮೆಯವರಿಗೆ ಇದು ಬೇಸರದ ಸುದ್ದಿ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ತಲುಪಿದ್ದು 1492ರಲ್ಲಿ, ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದರ ನಂತರವೇ ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ ಇಲ್ಲಿಗೆ ಬಂದವು. 1100ರ ಲೊಕ್ಕಿಗುಂಡಿಯಲ್ಲಿ ಜೋಳ, ಕಡಲೆ, ಎಳ್ಳು, ಬೆಲ್ಲ, ಮಜ್ಜಿಗೆ ಇಡಿ. ಖಾರಕ್ಕೆ ಕರಿಮೆಣಸು ಇದೆ. ಹಿನ್ನೆಲೆಯಲ್ಲಿ ಸೂರ್ಯಕಾಂತಿ ಹೊಲ ಬೇಡ, ಹತ್ತಿ ಹೊಲ ಇರಲಿ. ದುಡ್ಡಿಗೆ ಚಿನ್ನದ ಗದ್ಯಾಣ. ಚಿಲ್ಲರೆಗೆ ಪಣ, ಪಣದ ಕಾಲು ಭಾಗವಾದ ಹಾಗ, ಹದಿನಾರನೇ ಭಾಗವಾದ ವೀಸ.

ಈ ಕಂಬಗಳನ್ನು ಯಂತ್ರದಲ್ಲಿ ಮಾಡಿದ್ದೇ?

ಲಕ್ಕುಂಡಿಯ ನುಣುಪು ಕಂಬಗಳ ಚಿತ್ರ ಹಾಕಿ, ಇದು ಕಂಪ್ಯೂಟರ್ ಯಂತ್ರವಿಲ್ಲದೆ ಸಾಧ್ಯವೇ ಇಲ್ಲ ಎನ್ನುವ ಫಾರ್ವರ್ಡ್ ಇದೆ. ಬಾದಾಮಿ, ಪಟ್ಟದಕಲ್ಲಿನಲ್ಲಿ ಬಳಸಿದ್ದು ಮರಳುಗಲ್ಲು. ಲಕ್ಕುಂಡಿಯ ಜಿನಾಲಯದ ಕಾಲದಿಂದ ಬಳಪದ ಕಲ್ಲಿನ ಜಾತಿಯ ಹಸಿರುಗಪ್ಪು ಕಲ್ಲು ಬಳಕೆಗೆ ಬಂತು. ಅದು ಉಳಿಗೆ ಸುಲಭವಾಗಿ ಬಗ್ಗುತ್ತದೆ. ಚನ್ನಪಟ್ಟಣದಲ್ಲಿ ಮರವನ್ನು ತಿರುಗಿಸುತ್ತಾ ಉಳಿ ಹಿಡಿದು ಬೊಂಬೆ ಮಾಡುತ್ತಾರಲ್ಲ, ಅದೇ ಬಗೆಯಲ್ಲಿ ಕಂಬದ ಕಲ್ಲನ್ನು ತಿರುಗಿಸುತ್ತಾ ಕಡೆದದ್ದು. ತಿರುಗಿಸಲು ಜನ ಸಾಕು, ಕಂಪ್ಯೂಟರ್ ಬೇಡ. ಗೇಮಿನಲ್ಲಿ ಶಿಲ್ಪಿಗಳ ಬಿಡಾರವನ್ನೇ ಒಂದು ಕೇರಿಯಾಗಿ ತೋರಿಸಬಹುದು.

ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿಯೂ ಗೇಮಿಗೆ ಹೇಳಿ ಮಾಡಿಸಿದ ಜಾಗ. ಇಳಿಯುವ ಮೆಟ್ಟಿಲು, ಗೋಡೆಯಲ್ಲಿ ಗೂಡಿನಂಥ ಪುಟ್ಟ ಗುಡಿಗಳು. ಮಳೆಗಾಲದಲ್ಲಿ ಮುಳುಗಿದ ಮೆಟ್ಟಿಲು ಬೇಸಿಗೆಯಲ್ಲಿ ತೆರೆದುಕೊಂಡರೆ ಅದೇ ಒಂದು ಹೊಸ ದಾರಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದು?

ಮಡಕೆ ಒಡೆದರೆ ನಾಣ್ಯ, ಗೋಡೆ ಒಡೆದರೆ ಪೆಟ್ಟಿಗೆ, ವಿಗ್ರಹ ಸರಿಸಿದರೆ ರತ್ನ. ಇದು ಇಂಥ ಗೇಮುಗಳಲ್ಲಿ ಎಷ್ಟು ಸಾಮಾನ್ಯ ಎಂದರೆ ಯಾರೂ ಯೋಚಿಸುವುದೇ ಇಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ನಿಧಿಯಾಸೆಗೆ ರಾತ್ರಿ ಗುಡಿಯ ನೆಲ ಅಗೆಯುವವರು, ಲಿಂಗ ಕೀಳುವವರು ನಿಜವಾಗಿಯೂ ಇದ್ದಾರೆ. ಟಂಕಸಾಲೆ ಇದ್ದ ಊರು ಎಂದಮೇಲೆ ನೆಲದಡಿ ಚಿನ್ನ ಇದೆ ಎಂಬ ಮಾತಿಗೆ ರೆಕ್ಕೆ ಬರುವುದು ಬೇಗ. ನಿಜವಾದ ಗುಡಿಯ ಹೆಸರಿಟ್ಟು, ಅದರ ಗೋಡೆಯೊಳಗೆ ಚಿನ್ನ ಇಟ್ಟ ಗೇಮಿನ ದೃಶ್ಯ ಒಂದು ಫಾರ್ವರ್ಡ್ ಆದರೆ, ಅದನ್ನು ನಂಬಿ ಹಾರೆ ಹಿಡಿಯಲು ಒಬ್ಬ ಸಾಕು. ಒಡೆದ ಕಲ್ಲು ಮತ್ತೆ ಕೂಡುವುದಿಲ್ಲ.

ಕಾನೂನು ಸ್ಪಷ್ಟವಾಗಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನೆಲದಲ್ಲಿ ಹಳೆಯ ನಾಣ್ಯ, ಒಡವೆ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಅದಕ್ಕೆ ರಾಜ್ಯದ್ದೇ ನಿಧಿ ಕಾಯ್ದೆ ಇದೆ. ಗೇಮಿನ ಮಟ್ಟಿಗೆ ಪರಿಹಾರ ಸುಲಭ: ಗಳಿಕೆ ಗುಡಿ ಒಡೆಯುವುದರಿಂದ ಬರಬಾರದು. ದನ ಮರಳಿಸಿದ್ದಕ್ಕೆ, ಬಾವಿಯ ಹೂಳು ತೆಗೆದದ್ದಕ್ಕೆ, ಶಾಸನ ಓದಿ ಜಮೀನಿನ ವ್ಯಾಜ್ಯ ಬಗೆಹರಿಸಿದ್ದಕ್ಕೆ ಬರಲಿ. ಆಟದ ಕೊನೆಗೆ ಯಾವುದು ಶಾಸನದಲ್ಲಿದೆ, ಯಾವುದು ನಮ್ಮ ಕಲ್ಪನೆ ಎಂದು ಒಂದು ಪುಟ ಇರಲಿ.

ಶೇರ್ ಮಾಡುವ ಮುನ್ನ

ಇಂಥ ಚಿತ್ರ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಈ ತೂಕವನ್ನು ನಾನು ಗೊತ್ತಿರುವ ವಸ್ತುವಿನೊಂದಿಗೆ ಹೋಲಿಸಿದರೆ ಹೇಗಿದೆ? ನೀರಿನ ಬಾಟಲಿಯೋ, ಸಿಮೆಂಟ್ ಚೀಲವೋ?

2. ಚಿತ್ರದಲ್ಲಿರುವ ಎಲ್ಲವೂ ಒಂದೇ ಕಾಲದ್ದೇ? ತೋಪು, ಮೆಣಸಿನಕಾಯಿ ಕಂಡರೆ ಅನುಮಾನಿಸಿ.

3. ಇದು ಫೋಟೊವೋ, ಗೇಮ್ ಅಥವಾ ಎ.ಐ. ಚಿತ್ರವೋ? ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಎಷ್ಟೋ ಸಲ ಮೂಲ ಸಿಗುತ್ತದೆ.

4. ಇದನ್ನು ಯಾರಾದರೂ ನಿಜವೆಂದು ನಂಬಿದರೆ ಯಾವುದಕ್ಕೆ ಹಾನಿ?

ನಾಲ್ಕನೆಯ ಪ್ರಶ್ನೆಗೆ ಒಂದು ಗುಡಿಯ ಹೆಸರು ಉತ್ತರವಾಗಿ ಬಂದರೆ ಫಾರ್ವರ್ಡ್ ಅಲ್ಲೇ ನಿಲ್ಲಿಸಿ. ಪುರುಸೊತ್ತಾದಾಗ ಒಂದು ಭಾನುವಾರ ಲಕ್ಕುಂಡಿಗೆ ಹೋಗಿ ಬನ್ನಿ. ಗದಗದಿಂದ ಬಸ್ಸಿದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಗೇಮ್ ಆಡುವವರಿದ್ದರೆ ಅವರನ್ನೇ ಮೊದಲು.